ಸೇಂಗಾ ಹರಡಿದ ಚರ್ಚಿನಲ್ಲಿ ಮಗಳ ಮದುವೆ

ನಮ್ಮ ಪಾಸ್ಟರು ಭಾನುವಾರದ ಪ್ರಾರ್ಥನೆಯಲ್ಲಿ ಮೊದಲು ಓಣಿಯವರನ್ನು ನೆನೆಯುತ್ತಿದ್ದರು, ಆಮೇಲೆ ಸಭೆಯವರನ್ನು. ಆದವಾನಿಗೆ ವರ್ಗವಾಗಿ ಬಂದ ಮೊದಲ ವಾರದಿಂದಲೇ ಅವರು ಹಾಕಿದ ಪದ್ಧತಿ ಇದು. ಆ ಸಲ ನನ್ನ ಬಲ ಮೊಣಕಾಲು ಊದಿಕೊಂಡು ನಾನು ಕುಂಟುತ್ತಿದ್ದೆ. ಪ್ರಾರ್ಥನೆಯಲ್ಲಿ ನೆನೆಯಿರಿ ಎಂದು ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದೆ. ಪಾಸ್ಟರು ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲು ಎದುರಿನ ಎಣ್ಣೆ ಮಿಲ್ಲಿನ ವಾಚ್‌ಮನ್ನನ ಎಮ್ಮೆ. ಅದಕ್ಕೆ ಕರು ಹಾಕುವುದು ಕಷ್ಟವಾಗಿತ್ತು. ಆಮೇಲೆ ಮೂಲೆಮನೆಯ ಹತ್ತಿ ಹಿಂಜುವವನ ಮುದಿ ತಂದೆಯ ಕೆಮ್ಮು. ಆಮೇಲೆ ಎಮ್ಮಿಗನೂರು ರಸ್ತೆಯಲ್ಲಿ ಬಂಡಿಯಿಂದ ಬಿದ್ದ ಯಾರೋ ದಾರಿಹೋಕ. ಇಷ್ಟೆಲ್ಲ ಆದ ಮೇಲೆ ‘ನಮ್ಮ ಸಭೆಯ ಒಬ್ಬ ಸಹೋದರಿಯ ಮೊಣಕಾಲು’ ಬಂತು. ನನ್ನ ಮೊಣಕಾಲು ದೇವರ ಕಿವಿಗೆ ಮುಟ್ಟುವ ಹೊತ್ತಿಗೆ ಎಮ್ಮೆ ಹೆಣ್ಣುಗರು ಹಾಕಿ, ವಾಚ್‌ಮನ್ನನ ಹೆಂಡತಿ ಗಿಣ್ಣದ ಹಾಲನ್ನು ಪಾಸ್ಟರ ಮನೆಗೆ ಮುಟ್ಟಿಸಿಯೂ ಆಗಿತ್ತು. ಮೊಣಕಾಲು ಮಾತ್ರ ಈಗಲೂ ಮೋಡ ಕಟ್ಟಿದರೆ ನೋಯುತ್ತದೆ.

ಪಾಸ್ಟರು ರಾಯಚೂರು ಕಡೆಯವರು. ತೆಳ್ಳಗಿನ ಮನುಷ್ಯ, ಮೆಲು ಮಾತು, ನಗುವಾಗಲೂ ಸದ್ದಿಲ್ಲ. ಅವರ ಲೆಕ್ಕ ಸರಳವಾಗಿತ್ತು. ಚರ್ಚು ಇರುವುದು ಗೋಡೆಯ ಹೊರಗಿನವರಿಗಾಗಿ; ಒಳಗಿರುವ ನಾವು ಮನೆಯವರು, ಮನೆಯವರು ಕಡೆಗೆ ಉಣ್ಣಬೇಕು. ಚರ್ಚಿನ ಬೆಂಚು, ಪೆಟ್ರೋಮ್ಯಾಕ್ಸು, ದೊಡ್ಡ ಹಂಡೆಗಳನ್ನು ಓಣಿಯವರು ಸಾವಿಗೋ ಸೀಮಂತಕ್ಕೋ ಕೇಳಿದರೆ ತಕ್ಷಣ ಕೊಡುತ್ತಿದ್ದರು. ಸಭೆಯವರು ಕೇಳಿದರೆ ‘ನೋಡೋಣು, ಹೊರಗಿನೋರು ಯಾರರ ಕೇಳ್ಯಾರೇನೋ’ ಅನ್ನುತ್ತಿದ್ದರು. ಸಭೆಯ ಉಳಿದವರಿಗೆ ಇದು ಹೆಮ್ಮೆಯ ವಿಷಯ. ನನ್ನ ಗಂಡ ಹತ್ತಿ ಪ್ರೆಸ್ಸಿನಲ್ಲಿ ಗುಮಾಸ್ತ, ಸಭೆಯ ಹಿರಿಯರಲ್ಲಿ ಒಬ್ಬರು. ಅವರಂತೂ ಈ ಪಾಸ್ಟರು ಬಂದ ಮೇಲೆ ಚರ್ಚಿಗೆ ಕಳೆ ಬಂತು ಎಂದು ಪ್ರೆಸ್ಸಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ವಾರವೆಲ್ಲ ಗುಡಿಸಿ, ಹೂವಿಟ್ಟು, ಬೆಂಚು ಒರೆಸುವವಳು ನಾನು. ಸಾಲಿನಲ್ಲಿ ಮುಂದೆ ನಿಲ್ಲುವವರು ಇನ್ಯಾರೋ.

ಆದರೆ ನನ್ನ ನಿಜವಾದ ಹೊಟ್ಟೆಕಿಚ್ಚು ಇದಲ್ಲ. ಅದು ನನ್ನ ನೆಗೆಣ್ಣಿಯ ಮೇಲಿನದು. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮೈದುನ ರೈಲ್ವೆಯಲ್ಲಿದ್ದ. ಆಕೆ ಬಣ್ಣದಲ್ಲಿ ನನಗಿಂತ ಬೆಳ್ಳಗೆ, ಮಾತಿನಲ್ಲಿ ನನಗಿಂತ ಚುರುಕು, ಚಿಂತೆಯಲ್ಲಿ ಮಾತ್ರ ನನಗಿಂತ ತೀರ ಹಿಂದೆ. ಆ ವರ್ಷ ಬೇಸಿಗೆಯಲ್ಲಿ ಆಕೆಯ ಹಿರಿಯ ಮಗಳ ಮದುವೆ ನಮ್ಮ ಚರ್ಚಿನಲ್ಲೇ ಆಯಿತು. ಬಾಗಿಲಿನಿಂದ ಪೀಠದವರೆಗೆ ಕೆಂಪು ಜಮಖಾನೆ ಹಾಸಿದ್ದರು, ನಮ್ಮ ಆದವಾನಿಯ ಮಗ್ಗದ್ದೇ, ಹೊಚ್ಚ ಹೊಸದು. ಬೆಂಚುಗಳೆಲ್ಲ ಭರ್ತಿ. ಗಂಟೆ ಹೊಡೆದದ್ದು ಮುಗಿಯಲೇ ಇಲ್ಲ. ಪಾಸ್ಟರು ಒಂದು ತಾಸು ಬೋಧನೆ ಮಾಡಿದರು. ಊಟಕ್ಕೆ ಮಟನ್ ಪಲಾವು. ಮಾರನೆಯ ದಿನ ಆಕೆ ನಮ್ಮ ಮನೆಗೆ ಬಂದು ಸಪ್ಪೆ ಮುಖ ಮಾಡಿ, ‘ಏನೋ ಅಕ್ಕಾ, ಬಡವ್ರ ಮದುವಿ ಆದಂಗಾತು’ ಅಂದಳು. ನಾನು ‘ಹೌದವ್ವ’ ಅಂದೆ. ಇದು ಆಕೆ ನಿರೀಕ್ಷಿಸಿದ ಉತ್ತರವಾಗಿರಲಿಲ್ಲ.

ಆವತ್ತೇ ನಾನು ಒಂದು ನಿರ್ಧಾರ ಮಾಡಿದೆ. ನನ್ನ ಮಗಳ ಮದುವೆ ಅದೇ ಚರ್ಚಿನಲ್ಲಿ, ಅದಕ್ಕಿಂತ ಕೂದಲೆಳೆಯಷ್ಟೂ ಕಡಿಮೆಯಾಗದಂತೆ ನಡೆಯಬೇಕು.

ಗಂಡು ಬಳ್ಳಾರಿಯಲ್ಲಿ ಸಿಕ್ಕ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಗಿ ನಾವು ಆಂಧ್ರಕ್ಕೆ ಸೇರಿದ ಮರುವರ್ಷದ ಮಾತಿದು. ಮೊದಲು ಬೆಳಿಗ್ಗೆ ಹೋಗಿ ಸಂಜೆಗೆ ಬರುತ್ತಿದ್ದ ಊರು ಒಮ್ಮೆಗೇ ಬೇರೆ ರಾಜ್ಯವಾಗಿಬಿಟ್ಟಿತ್ತು. ರೈಲು ಅದೇ, ಗುಂತಕಲ್ಲಿನಲ್ಲಿ ಬದಲಾಯಿಸುವುದೂ ಅದೇ, ಆದರೂ ನಾನು ‘ಬ್ಯಾರೆ ರಾಜ್ಯದ ಬೀಗರು’ ಎಂದು ಒಂದು ಹೊಸ ಚಿಂತೆಯನ್ನು ಹುಟ್ಟಿಸಿಕೊಂಡೆ. ಬೀಗತಿ, ಅಂದರೆ ಗಂಡಿನ ತಾಯಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್. ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು ತಿಂದು ‘ಚಲೋ ಐತಿ’ ಅಂದರು. ಆದರೆ ತಟ್ಟೆಯಲ್ಲಿ ಸ್ವಲ್ಪ ಬಿಟ್ಟರು. ಆ ಬಿಟ್ಟ ಉಪ್ಪಿಟ್ಟಿನ ಅರ್ಥ ಏನಿರಬಹುದು ಎಂದು ನಾನು ಮದುವೆಯ ತನಕ ಯೋಚಿಸಿದ್ದೇನೆ.

ದಿನ ಗೊತ್ತಾದ ಕೂಡಲೆ ಪಾಸ್ಟರ ಮನೆಗೆ ಹೋದೆ.

‘ಅಯ್ಯನೋರೆ, ನನ್ನ ಮಗಳ ಮದುವಿ ದಿನ ಚರ್ಚಿನಾಗ ಬ್ಯಾರೆ ಏನೂ ಇಟ್ಕೋಬ್ಯಾಡ್ರಿ. ಬೆಂಚು ಯಾರಿಗೂ ಕೊಡಬ್ಯಾಡ್ರಿ.’

‘ಕೊಡಂಗಿಲ್ಲಮ್ಮ.’

‘ಪೆಟ್ರೋಮ್ಯಾಕ್ಸು?’

‘ಅದನ್ನೂ ಕೊಡಂಗಿಲ್ಲ.’

‘ಓಣಿಯಾಗ ಯಾರರ ಸತ್ರ?’

ಅವರು, ‘ಅವತ್ತು ಯಾರೂ ಸಾಯಬ್ಯಾಡ್ರಿ ಅಂತ ಡಂಗುರ ಹೊಡಿಸ್ಲೇನಮ್ಮ?’ ಅಂದರು. ಅವರ ಹೆಂಡತಿ ಒಳಗಿನಿಂದ ನಕ್ಕಿದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಡಂಗುರ ಹೊಡೆಸಿದರೆ ಒಳ್ಳೆಯದೇ ಎಂದು ನಾನು ಒಂದು ಗಳಿಗೆ ನಿಜವಾಗಿ ಯೋಚಿಸುತ್ತಿದ್ದೆ.

ಅಕ್ಕಿಯ ಚಿಂತೆ ಬೇರೆ. ನಮ್ಮದು ಜೋಳ ತಿನ್ನುವ ಸೀಮೆ. ಮದುವೆ ಪಲಾವಿಗೆಂದು ನನ್ನ ಗಂಡ ತುಂಗಭದ್ರೆಯ ಆಚೆಯಿಂದ ಒಳ್ಳೆಯ ಸಣ್ಣಕ್ಕಿಯನ್ನು ಚೀಲಗಟ್ಟಲೆ ತರಿಸಿದ್ದರು. ನಮ್ಮ ಮನೆ ಮಣ್ಣಿನ ಮಾಳಿಗೆ. ವರ್ಷಾ ವರ್ಷಾ ಮೇಲೆ ಸವಳು ಮಣ್ಣು ಹಾಕಿ ತುಳಿಸದಿದ್ದರೆ ಸೋರುತ್ತದೆ. ಆ ವರ್ಷ ಮದುವೆ ಗಡಿಬಿಡಿಯಲ್ಲಿ ಹಾಕಿಸಿರಲಿಲ್ಲ. ಅಕಾಲಕ್ಕೆ ಮಳೆ ಬಂದರೆ ಏನು ಗತಿ ಎಂದು ಹೆದರಿ ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಚರ್ಚಿನಲ್ಲಿ ಪೀಠದ ಹಿಂದಿನ ಸಣ್ಣ ಕೋಣೆಯಲ್ಲಿ ಇಡಿಸಿದೆ. ಚರ್ಚಿಗೆ ಗಟ್ಟಿ ಹೆಂಚಿನ ಮಾಡು. ‘ಸುಗ್ಗಿ ದಿನದಾಗ ಯಾವ ಮಳಿ ಬರ್ತೈತೆ?’ ಎಂದು ಗಂಡ ನಕ್ಕರು. ನಾನು ಹೆದರಿದ್ದು ನಿಜವಾಗುವುದು ಅಪರೂಪ. ಆ ಸಲ ಆಯಿತು.

ಮದುವೆ ಗುರುವಾರ. ಮಂಗಳವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ಜೋರು ಮಳೆಯಲ್ಲ, ಬಿಡುವುದೇ ಇಲ್ಲ ಅನ್ನುವಂಥ ಮಳೆ. ಸೇಂಗಾ ಸುಗ್ಗಿಯ ಕಾಲ. ಆಸ್ಪರಿ ಕಡೆಯ ಹಳ್ಳಿಗಳಿಂದ ಬಂಡಿಗಳು ಮಾರುಕಟ್ಟೆಗೆ ಹೊರಟು ಅರ್ಧ ದಾರಿಯಲ್ಲೇ ನೆನೆದಿದ್ದವು. ಊರಿಗೆ ಬಂದರೆ ಮಾರುಕಟ್ಟೆಯ ಅಂಗಳದಲ್ಲಿ ಮೊಣಕಾಲುದ್ದ ನೀರು. ಒದ್ದೆ ಸೇಂಗಾ ಕೊಳ್ಳುವುದಿಲ್ಲ ಎಂದು ಮಿಲ್ಲಿನವರು ಗೇಟು ಹಾಕಿಕೊಂಡರು. ಹತ್ತು ಹನ್ನೆರಡು ಬಂಡಿಗಳು ನಮ್ಮ ಚರ್ಚಿನ ಗೋಡೆಗುಂಟ ನಿಂತವು. ಒದ್ದೆ ಸೇಂಗಾ ಚೀಲದಲ್ಲಿ ಉಳಿದರೆ ಒಂದೇ ದಿನಕ್ಕೆ ಒಳಗೇ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ತೆಳ್ಳಗೆ ಹರವಬೇಕು, ಕೈಯಾಡಿಸುತ್ತಿರಬೇಕು. ಅದಕ್ಕೆ ಜಾಗ ಬೇಕು, ಒಣನೆಲ ಬೇಕು, ಮೇಲೆ ಸೋರದ ಮಾಡು ಬೇಕು. ಈ ಮೂರೂ ಆ ರಸ್ತೆಯಲ್ಲಿ ಇದ್ದದ್ದು ಒಂದೇ ಕಡೆ.

ಮಧ್ಯಾಹ್ನ ನಾನು ಕೊಡೆ ಹಿಡಿದುಕೊಂಡು ಹೂವಿನ ಏರ್ಪಾಡು ನೋಡಲು ಹೋದರೆ ಚರ್ಚಿನ ಬೆಂಚುಗಳೆಲ್ಲ ಜಗಲಿಯ ಮೇಲೆ ಒಂದರ ಮೇಲೊಂದು ಏರಿ ಕೂತಿದ್ದವು. ಒಳಗೆ ಇಣುಕಿದೆ. ಬಾಗಿಲಿನಿಂದ ಪೀಠದ ಮೆಟ್ಟಿಲಿನವರೆಗೆ ಬಂಡೆಗಲ್ಲಿನ ನೆಲ ಕಾಣುತ್ತಿರಲಿಲ್ಲ, ಬರೀ ಸೇಂಗಾ. ಗಂಡಸರು ಹೆಂಗಸರು ಸೊಂಟ ಬಗ್ಗಿಸಿ ಕೈಯಾಡಿಸುತ್ತಿದ್ದರು. ಹಸಿ ಮಣ್ಣಿನ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಪಾಸ್ಟರು ಪಂಚೆ ಎತ್ತಿಕಟ್ಟಿಕೊಂಡು ಚೀಲದ ಬಾಯಿ ಬಿಚ್ಚುತ್ತಿದ್ದರು.

‘ಅಯ್ಯನೋರೆ’ ಅಂದೆ.

‘ಬರ್ರಮ್ಮ. ತುಳಿಬ್ಯಾಡ್ರಿ, ಅಂಚಿಗೆ ಬರ್ರಿ.’

‘ನನ್ನ ಮಗಳ ಮದುವಿ.’

‘ನಾಡದು ಅಲ್ಲೇನ್ರಿ? ಅಷ್ಟರಾಗ ಬಿಸಿಲು ಬೀಳ್ತೈತಿ, ಅಂಗಳಕ್ಕ ಹಾಕ್ತೀವಿ.’

‘ಬೀಳದಿದ್ರ?’

‘ಬೀಳದಿದ್ರ ಇಲ್ಲೇ ಮದುವಿ ಮಾಡೋಣು. ದೇವರೇನು ಸೇಂಗಾ ನೋಡಿಲ್ಲೇನು?’

ದೇವರು ನೋಡಿರಬಹುದು. ಬೀಗತಿ ನೋಡಿಲ್ಲ, ಅದೂ ಚರ್ಚಿನೊಳಗೆ. ಮನೆಗೆ ಬರುವಾಗ ಕಣ್ಣಲ್ಲಿ ನೀರು ತುಂಬಿ ದಾರಿ ಕಾಣಲಿಲ್ಲ. ಯಾವ ಊರಿನವರೋ, ಈ ಚರ್ಚಿನ ಬಾಗಿಲು ಎಂದೂ ಕಾಣದವರು, ಒಂದು ಮಾತು ಕೇಳಿದ್ದಕ್ಕೆ ಇಡೀ ಚರ್ಚು ಅವರ ಪಾಲಾಯಿತು. ಮೂರು ತಿಂಗಳ ಮುಂಚೆ ಹೇಳಿಟ್ಟ ನಾನು ಕೊಡೆ ಹಿಡಿದು ಹೊರಗೆ.

ಸುದ್ದಿ ನನಗಿಂತ ಮೊದಲು ನೆಗೆಣ್ಣಿಯ ಮನೆ ತಲುಪಿತ್ತು. ಆಕೆ ಮಳೆಯಲ್ಲೇ ಬಂದಳು. ಅಷ್ಟು ಅವಸರದ ಕನಿಕರವನ್ನು ನಾನು ಕಂಡಿದ್ದಿಲ್ಲ.

‘ಹಿಂಗಾಗಬಾರದಿತ್ತು ಅಕ್ಕಾ. ನನ್ನ ಮಗಳು ಏನೋ ಪುಣ್ಯ, ಜಮಖಾನಿ ಮ್ಯಾಲೆ ನಡೆದ್ಲು. ನಿನ್ನ ಮಗಳಿಗೆ ಹೇಳು, ಸೇಂಗಾದ ಮ್ಯಾಲೆ ಹುಷಾರಾಗಿ ನಡೀಬೇಕು, ಜಾರ್ತೈತಿ.’

‘ಬಿದ್ರ ಎತ್ತಾಕ ನೀ ಇರ್ತಿಯಲ್ಲ.’

‘ನಾ ಎಲ್ಲಿಗೆ ಹೋಗ್ತೀನಿ. ಮುಂದಿನ ಸಾಲಿನಾಗೇ ಇರ್ತೀನಿ.’

‘ಸಾಲು ಎಲ್ಲೈತೆ? ಬೆಂಚು ಜಗಲಿ ಮ್ಯಾಲೆ ಅದಾವ.’

ಮಗಳು ಮೂಲೆಯಲ್ಲಿ ಕೂತು ಕೈಗೆ ಹಚ್ಚಿದ ಮದರಂಗಿ ಒಣಗಿಸಿಕೊಳ್ಳುತ್ತಿದ್ದಳು. ನಮ್ಮಿಬ್ಬರ ಮಾತು ಕೇಳಿ ನಕ್ಕುಬಿಟ್ಟಳು. ಅವಳಿಗೆ ಚಿಂತೆಯೇ ಇರಲಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡುತ್ತಿದ್ದೆ.

ಆ ಸಂಜೆ ಪಾಸ್ಟರ ಹೆಂಡತಿ ರೈತರಿಗೆಂದು ದೊಡ್ಡ ಹಂಡೆಯಲ್ಲಿ ಅಂಬಲಿ ಕಾಯಿಸಿದರು. ನಾನೂ ಸಭೆಯ ಇನ್ನಿಬ್ಬರು ಹೆಂಗಸರೂ ಕೈ ಹಚ್ಚಿದೆವು. ಹಚ್ಚದಿದ್ದರೆ ಹಿರಿಯನ ಹೆಂಡತಿಗೆ ಏನಾಗಿದೆ ಅಂದಾರು ಎಂಬ ಚಿಂತೆ. ಹಂಡೆಯನ್ನು ಜಗಲಿಗೆ ತಂದು ಇಟ್ಟೆವು. ಯಾರೂ ಏಳಲಿಲ್ಲ. ಎತ್ತುಗಳಿಗೆ ಮೇವು ಹಾಕುತ್ತಿದ್ದವರು ಹಾಗೇ ಹಾಕುತ್ತಿದ್ದರು. ಕಡೆಗೆ ಅವರಲ್ಲಿ ಒಬ್ಬ ಮುದುಕಿ ಎದ್ದು ಬಂದಳು. ಉದ್ದ ಆಳು, ಕೈಯಲ್ಲಿ ಬೆಳ್ಳಿಯ ಕಡಗ, ಆ ಗುಂಪಿಗೆಲ್ಲ ಆಕೆಯ ಮಾತೇ ಮಾತು.

‘ತಪ್ಪು ತಿಳ್ಕೋಬ್ಯಾಡ್ರಿ ತಾಯಿ. ನಿಮ್ಮ ಕೈಲೆ ಬೇಯಿಸಿದ್ದು ನಾವು ಉಣ್ಣಂಗಿಲ್ಲ. ನಮ್ಮ ಪದ್ಧತಿ.’

ನಾವು ಚರ್ಚಿನವರು ಊರಾಚೆಯ ಯಾವ ಕೇರಿಯಿಂದ ಬಂದವರು ಅನ್ನುವುದು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು, ನಮಗೂ ಗೊತ್ತು. ಆಕೆ ದನಿ ಏರಿಸಲಿಲ್ಲ, ಮುಖ ಸಿಂಡರಿಸಲಿಲ್ಲ. ನಾಳೆ ಅಮಾವಾಸ್ಯೆ ಅಂದಂತೆ ಹೇಳಿದಳು. ಅದಕ್ಕೇ ಹೆಚ್ಚು ಉರಿಯಿತು. ನಮ್ಮ ನೆಲ ನಡೆಯುತ್ತದೆ, ನಮ್ಮ ಮಾಡು ನಡೆಯುತ್ತದೆ, ನಮ್ಮ ಅಂಬಲಿ ನಡೆಯುವುದಿಲ್ಲ.

ಈಗಾದರೂ ಪಾಸ್ಟರಿಗೆ ಬುದ್ಧಿ ಬಂದೀತು ಎಂದುಕೊಂಡೆ. ಅವರು ತಲೆಯಾಡಿಸಿ, ‘ಹಂಗಾರ ಹಿಟ್ಟು ಕೊಡ್ತೀವಿ, ಕಟ್ಟಿಗಿ ಕೊಡ್ತೀವಿ. ನೀವೇ ಮಾಡ್ಕೊಳ್ಳವ್ವ’ ಅಂದರು. ಮೂರು ಕಲ್ಲು ತಾವೇ ಹೊತ್ತು ತಂದು ಜಗಲಿಯ ಕೊನೆಯಲ್ಲಿ ಒಲೆ ಹೂಡಿಕೊಟ್ಟರು. ಅಂಬಲಿಯನ್ನು ನಾವೇ ಮನೆಮನೆಗೆ ಹಂಚಿಕೊಂಡು ಕುಡಿದೆವು.

‘ಅವ್ರು ಹಂಗಂದ್ರೂ ನಿಮಗ ಏನೂ ಅನ್ಸಂಗಿಲ್ಲೇನ್ರಿ?’ ಎಂದು ಪಾಸ್ಟರನ್ನು ಕೇಳಿದೆ.

‘ಅನ್ನಿಸ್ತೈತಮ್ಮ. ನಾನೂ ಅಂಥದೇ ಕೇರಿಯಾಗ ಹುಟ್ಟಿದವನು. ಆದ್ರ ನಾವು ಜಾಗ ಕೊಟ್ಟಿದ್ದು ಸೇಂಗಾ ಒಣಗಲಿ ಅಂತ. ಅವ್ರು ನಮ್ಮ ಜೊತಿ ಉಣ್ಣಲಿ ಅಂತ ಕೊಟ್ಟಿದ್ರ ಅದು ವ್ಯಾಪಾರ ಆಗ್ತಿತ್ತು.’

ನಾನು ಹಂಡೆ ತಿಕ್ಕಲು ಕೂತೆ.

ಬುಧವಾರವೂ ಮಳೆ ನಿಲ್ಲಲಿಲ್ಲ. ಸಭೆಯ ಮನೆಗಳಲ್ಲಿ ಇದ್ದ ಜೋಳದ ಹಿಟ್ಟು ಮುಗಿದಿತ್ತು. ಬೀಸಿಸಲು ಹೋಗೋಣವೆಂದರೆ ಗಿರಣಿಯೊಳಗೂ ನೀರು. ಪಾಸ್ಟರೂ ನನ್ನ ಗಂಡನೂ ಜೊತೆಯಾಗಿ ನನ್ನ ಮುಂದೆ ಬಂದು ನಿಂತರು. ಇಬ್ಬರೂ ಜೊತೆಯಾಗಿ ಬಂದರೆಂದರೆ ಮಾತು ಆಗಲೇ ಮುಗಿದಿದೆ ಎಂದರ್ಥ.

‘ಆ ಕೋಣ್ಯಾಗ ಅಕ್ಕಿ ಐತಲ್ಲ’ ಅಂದರು ಗಂಡ, ಯಾರದೋ ಅಕ್ಕಿಯ ವಿಷಯ ನೆನಪಾದವರ ಹಾಗೆ.

‘ಅದು ಪಲಾವಿನ ಅಕ್ಕಿ.’

‘ಅರ್ಧ ಕೊಟ್ರ ಅರ್ಧ ಉಳಿತೈತಿ.’

‘ಅರ್ಧದಾಗ ಪಲಾವು ಆಗಂಗಿಲ್ಲ. ನಾಳಿ ಬೀಗರ ಮುಂದ ಏನು ಇಡ್ಲಿ?’

ಪಾಸ್ಟರು, ‘ನೀವು ಒಲ್ಲೆ ಅಂದ್ರ ಮುಟ್ಟಂಗಿಲ್ಲಮ್ಮ’ ಅಂದರು. ಅದನ್ನು ನಿಜವಾಗಿಯೇ ಹೇಳಿದರು, ನನ್ನನ್ನು ಇಕ್ಕಟ್ಟಿಗೆ ಹಾಕಲು ಅಲ್ಲ. ನಾನು ಒಲ್ಲೆ ಅನ್ನಲು ಬಾಯಿ ತೆರೆದೆ. ಜಗಲಿಯ ಮೇಲೆ ಉರಿಯಿಲ್ಲದ ಒಲೆಯ ಮುಂದೆ ಕೂಸೊಂದನ್ನು ಮಡಿಲಲ್ಲಿ ಹಾಕಿಕೊಂಡು ಕೂತವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹೆಡ್‌ಮಿಸ್ಟ್ರೆಸ್ ಬೀಗತಿಯ ಕಣ್ಣನ್ನಾದರೂ ಎದುರಿಸಬಹುದು ಅನ್ನಿಸಿತು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ತೆಗೆದು ಗಂಡನ ಕೈಗೆ ಕೊಡದೆ ನಾನೇ ಹೋಗಿ ಬಾಗಿಲು ತೆಗೆದೆ. ಕೊಡುವುದೇ ಆದರೆ ನನ್ನ ಕೈಯಿಂದ ಹೋಗಲಿ.

ಮುದುಕಿ ಸೆರಗೊಡ್ಡಿ ನಿಂತಳು, ಹಿಂದೆ ಅವರ ಹೆಂಗಸರು. ನಾನು ಅಳೆದು ಹಾಕಿದೆ. ಆಕೆ ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದು ನೋಡಿದಳು.

‘ಯಾರ ಅಕ್ಕಿ ಇದು?’

‘ನನ್ನ ಮಗಳ ಮದುವಿದು’ ಅಂದೆ. ಆಕೆಗೆ ಸಂಕೋಚವಾಗಲಿ ಎಂದೇ ಅಂದೆ.

‘ಅದಕ್ಕ ಇಷ್ಟು ಚಲೋ ಐತಿ’ ಅಂದಳು. ಸಂಕೋಚದ ಸುಳಿವೂ ಇಲ್ಲ. ‘ಮದುವಿ ಎಲ್ಲವ್ವ?’

‘ನೀವು ಸೇಂಗಾ ಹರವೀರಲ್ಲ, ಅಲ್ಲೇ. ನಾಳಿ ಮುಂಜಾನಿ.’

ಆಕೆ ತಿರುಗಿ ಚರ್ಚಿನ ಬಾಗಿಲ ಕಡೆ ಒಮ್ಮೆ ನೋಡಿದಳು. ಸೆರಗು ಗಂಟು ಕಟ್ಟಿಕೊಂಡು ಒಲೆಯ ಕಡೆ ಹೋದಳು.

ಗುರುವಾರ ಬೆಳಿಗ್ಗೆ ಮಳೆ ಸಣ್ಣಗಾಗಿತ್ತು, ಬಿಸಿಲಿಲ್ಲ. ಬೀಗರ ರೈಲು ಬರುವುದಕ್ಕೆ ಮೊದಲು ನಾನು ಚರ್ಚಿಗೆ ಓಡಿದೆ. ಸೇಂಗಾ ಹೊರಗೆ ಹೋಗಿರಲಿಲ್ಲ. ಆದರೆ ನೆಲ ಕಾಣುತ್ತಿತ್ತು. ರೈತರು ಎದ್ದವರೇ ಸೇಂಗಾವನ್ನೆಲ್ಲ ಎರಡು ಬದಿಗೂ ಸರಿಸಿ, ಗೋಡೆಗುಂಟ ಉದ್ದಕ್ಕೆ ರಾಶಿ ಹಾಕಿ, ನಡುವೆ ಬಾಗಿಲಿನಿಂದ ಪೀಠದವರೆಗೆ ನೇರ ದಾರಿ ಬಿಟ್ಟಿದ್ದರು. ದಾರಿಯನ್ನು ಗುಡಿಸಿ ಒರೆಸಿದ್ದರು. ರಾಶಿಯ ಅಂಚನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ್ದರು. ಪೀಠದ ಮುಂದೆ ನಾಲ್ಕೇ ಬೆಂಚು. ಮುದುಕಿ ಬಾಗಿಲಲ್ಲಿ ನಿಂತಿದ್ದಳು.

‘ಜಲ್ದಿ ಮುಗಸ್ರಿ ಅಂತ ನಿಮ್ಮ ಅಯ್ಯಗೆ ಹೇಳು ತಾಯಿ. ರಾಶಿ ಹಾಕಿದ್ರ ಕಾವು ಏಳ್ತೈತಿ. ಭಾಳ ಹೊತ್ತು ಇಡಾಕ ಬರಂಗಿಲ್ಲ.’

ಆಗ ನನಗೆ ತಿಳಿಯಿತು. ಅಷ್ಟು ಹೊತ್ತು ರಾಶಿ ಹಾಕಿ ಇಡುವುದೆಂದರೆ ಅವರ ವರ್ಷದ ಬೆಳೆಯನ್ನೇ ಪಣಕ್ಕಿಟ್ಟ ಹಾಗೆ. ನಾನು ಕೃತಜ್ಞಳಾಗಬೇಕಿತ್ತು. ನನಗೆ ಮೊದಲು ಬಂದ ಯೋಚನೆ ಮಾತ್ರ ನೆಗೆಣ್ಣಿಯ ಮಗಳಿಗೆ ಒಂದು ತಾಸು ಬೋಧನೆ, ನನ್ನ ಮಗಳಿಗೆ ಸೇಂಗಾ ಕಾವೇರುವವರೆಗೆ ಎಂಬುದು.

ಬೀಗರು ಬಂದರು. ಗಂಡು ಸೂಟು ತೊಟ್ಟು ಹೊಸ ಬೂಟು ಹಾಕಿದ್ದ. ಬೂಟು ಕಿರ್ರ್ ಅನ್ನುತ್ತಿತ್ತು. ಬಾಗಿಲಲ್ಲಿ ಮುದುಕಿ ಕೈ ಅಡ್ಡ ಹಿಡಿದಳು.

‘ಕೆರ ಬಿಚ್ಚಪ್ಪ.’

ಗಂಡು ತಬ್ಬಿಬ್ಬಾದ. ಬೀಗತಿ ಕನ್ನಡಕ ಸರಿಮಾಡಿಕೊಂಡು, ‘ಯಾಕ್ರಿ? ಬೂಟು ಹಾಕ್ಕೊಂಡೇ ಮದುವಿ ಆಗೋದು’ ಅಂದರು.

‘ಒಳಗ ರಾಶಿ ಐತವ್ವ. ರಾಶಿ ಮುಂದ ಕೆರ ಹಾಕ್ಕೊಂಡು ಅರಸ ಬಂದ್ರೂ ಬಿಡಂಗಿಲ್ಲ.’

ಚರ್ಚನ್ನು ಆಕೆ ಕಣವೆಂದೇ ತಿಳಿದಿದ್ದಳು. ಕಣಕ್ಕೆ ಯಾವ ಮರ್ಯಾದೆಯೋ ಅದೇ ಇದಕ್ಕೂ. ಮದುಮಗ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದ. ಕಾಲುಚೀಲದಿಂದ ಎಡಗಾಲಿನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಬೀಗತಿಯ ಮುಖ ನೋಡಿದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವರಿಗೂ ಒಂದು ಚಿಂತೆ ಇದೆ ಎಂದು ಗೊತ್ತಾಗಿ ನನಗೆ ಸ್ವಲ್ಪ ಉಸಿರು ಬಂತು. ಮರುಗಳಿಗೆಯಲ್ಲಿ ಅವರೂ ‘ಹಂಗಾರ ಆತು ಬಿಡ್ರಿ’ ಎನ್ನುತ್ತ ತಮ್ಮ ಚಪ್ಪಲಿ ಕಳಚಿದರು. ಬೀಗತಿಯೇ ಬಿಚ್ಚಿದ ಮೇಲೆ ಎಲ್ಲರೂ ಬಿಚ್ಚಿದರು. ನೆಗೆಣ್ಣಿ ಹೊಸ ಚಪ್ಪಲಿಯನ್ನು ತೋರಿಸಬೇಕೆಂದೇ ಹಾಕಿಕೊಂಡು ಬಂದಿದ್ದಳು, ಆಕೆಯದೂ ಹೊರಗೆ.

ಮಗಳು ಅಪ್ಪನ ಕೈ ಹಿಡಿದು ಎರಡು ರಾಶಿಗಳ ನಡುವೆ ಬರಿಗಾಲಲ್ಲಿ ನಡೆದಳು. ಗಂಟೆ ಹೊಡೆಯಿತು. ಪಾಸ್ಟರ ಬೋಧನೆ ಹಾಡಿಗಿಂತ ಚಿಕ್ಕದಾಗಿತ್ತು. ಕೈಯನ್ನು ರಾಶಿಯೊಳಗೆ ಮೊಣಕೈವರೆಗೆ ತೂರಿಸಿ ಕಾವು ನೋಡುತ್ತಿದ್ದ ಒಬ್ಬ ರೈತನ ಕಡೆ ಅವರು ನಡುನಡುವೆ ಕಣ್ಣು ಹಾಯಿಸುತ್ತಿದ್ದರು. ಆತ ಕಾವು ಬಂತೆಂದು ತಲೆಯಾಡಿಸಿದಾಗ ‘ಆಮೆನ್’ ಅಂದರು. ಮದುವೆಯಾಯಿತು.

ಗಂಡುಹೆಣ್ಣು ಹೊರಗೆ ಬರುತ್ತಿರುವಾಗ ಬಾಗಿಲ ಹತ್ತಿರ ಮುದುಕಿ ಮೊರದ ತುಂಬ ಸೇಂಗಾ ಹಿಡಿದು ಎದುರು ನಿಂತಳು.

‘ಸೆರಗ ಹಿಡಿ ಮಗಳೇ. ಕಣಕ್ಕ ಬಂದ ಹೆಣ್ಣುಮಗಳು ಬರಿ ಉಡೀಲಿ ಹೋಗಬಾರದು.’

ಉಡಿ ತುಂಬುವುದನ್ನು ನಮ್ಮ ಸಭೆಯಲ್ಲಿ ಹಿಂದಿನ ಕಾಲದ ಹಿರಿಯರೇ ಬಿಡಿಸಿದ್ದರು. ಅದು ಹೊರಗಿನವರ ಆಚಾರ, ನಮಗಲ್ಲ ಎಂದು. ನನ್ನ ಮದುವೆಯಲ್ಲಿ ಯಾರೂ ತುಂಬಲಿಲ್ಲ. ಪಕ್ಕದ ಮನೆಯ ಹುಡುಗಿಗೆ ತುಂಬಿದ್ದನ್ನು ಕಿಟಕಿಯಿಂದ ನೋಡಿದ್ದೆ. ನೆಗೆಣ್ಣಿ ಇದ್ದಲ್ಲಿಂದಲೇ, ‘ಅಯ್ಯನೋರೆ, ನೋಡ್ರಿ, ಚರ್ಚಿನಾಗ ಉಡಿ ತುಂಬಾಕ ಹತ್ಯಾರ’ ಅಂದಳು.

ಪಾಸ್ಟರು, ‘ಸೇಂಗಾ ಅವ್ರದು, ಉಡಿ ಆಕಿದು. ನಡುವ ನಂದೇನೈತ್ರಿ?’ ಅಂದರು.

ಮಗಳು ನನ್ನ ಕಡೆ ನೋಡಲೂ ಇಲ್ಲ. ಸೆರಗು ಹಿಡಿದಳು. ಸೇಂಗಾ ಸುರಿದ ಸದ್ದು ಇಡೀ ಚರ್ಚಿಗೆ ಕೇಳಿಸಿತು. ಆಮೇಲೆ ಒಂದು ಕೈಯಲ್ಲಿ ಆ ಭಾರ ಹಿಡಿದುಕೊಂಡೇ ಬಗ್ಗಿ ಮುದುಕಿಯ ಪಾದ ಮುಟ್ಟಿದಳು. ಆಕೆ ಹಿಂದೆ ಸರಿದುಬಿಟ್ಟರೆ? ಬಳ್ಳಾರಿಯವರ ಮುಂದೆ, ಇಷ್ಟು ಜನರ ಮುಂದೆ, ಮದುವೆಯ ದಿನ. ನೆರೆದ ಸಭೆಯವರೆಲ್ಲ ಅದನ್ನೇ ನೋಡುತ್ತಿದ್ದರು. ಎರಡು ದಿನದ ಹಿಂದಿನ ಅಂಬಲಿ ಎಲ್ಲರಿಗೂ ನೆನಪಿತ್ತು.

ಮುದುಕಿ ಸರಿಯಲಿಲ್ಲ. ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಳ್ಳಿ ಕಡಗದ ಕೈಯನ್ನು ನನ್ನ ಮಗಳ ತಲೆಯ ಮೇಲೆ ಇಟ್ಟಳು. ಬೇಗ ತೆಗೆಯಲೂ ಇಲ್ಲ.

ಆಗ ಬೀಗತಿ ಮುಂದೆ ಬಂದು, ‘ಏನವ್ವಾ, ಸೊಸಿಗೆ ಅಷ್ಟೇ ಏನು? ಅತ್ತಿಗೆ ಇಲ್ಲೇನು?’ ಎಂದು ತಮ್ಮ ರೇಷ್ಮೆ ಸೆರಗನ್ನು ಒಡ್ಡಿದರು. ನನ್ನ ಹಾಗೆ ಅವರ ಮದುವೆಯಲ್ಲೂ ಯಾರೂ ಉಡಿ ತುಂಬಿರಲಿಕ್ಕಿಲ್ಲ. ಇನ್ನೊಂದು ಮೊರ ಬಂತು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಮನೆಯವಳು.

ಮದುಮಕ್ಕಳು ಮೆಟ್ಟಿಲಿಳಿಯುವುದರೊಳಗೆ ರೈತರು ರಾಶಿ ಒಡೆದು ಮತ್ತೆ ಹರವಿದ್ದರು.

ಊಟಕ್ಕೆ ಪಲಾವಿರಲಿಲ್ಲ. ಮಟನ್ ಸಾರು, ಒಂದಿಷ್ಟು ಅನ್ನ, ಸಭೆಯ ಹೆಂಗಸರು ಎಲ್ಲೆಲ್ಲಿಂದಲೋ ಹಿಟ್ಟು ಕೂಡಿಸಿ ತಟ್ಟಿದ ರೊಟ್ಟಿ. ರೈತರು ಬರಲಿಲ್ಲ, ನಾವು ಕರೆದೆವು, ಅವರು ‘ಆಗಲಿ ಬಿಡ್ರಿ’ ಅಂದರು. ತಮ್ಮ ಒಲೆಯಲ್ಲಿ ಸೇಂಗಾ ಹುರಿದು, ಬೆಲ್ಲ ಕೂಡಿಸಿ, ಬೀಗರಿಗೆಂದು ಬುಟ್ಟಿ ಕಳಿಸಿದರು. ನಾವೆಲ್ಲ ತಿಂದೆವು. ಬೀಗತಿ ಈ ಸಲ ಏನೂ ಬಿಡಲಿಲ್ಲ. ಮುದುಕಿ ಮಗಳ ತಲೆಯ ಮೇಲೆ ಕೈಯಿಟ್ಟಳು, ನಮ್ಮ ಅನ್ನ ಉಣ್ಣಲಿಲ್ಲ. ಎರಡನ್ನೂ ನಾನು ಮರೆತಿಲ್ಲ. ಯಾವುದನ್ನು ಮೊದಲು ನೆನೆಯುತ್ತೇನೆ ಅನ್ನುವುದು ಆಯಾ ದಿನದ ನನ್ನ ಮನಸ್ಸಿನ ಮೇಲೆ ನಿಂತಿರುತ್ತದೆ.

ಶುಕ್ರವಾರ ಬಿಸಿಲು ಬಿತ್ತು. ಬಂಡಿಗಳು ಹೊರಟವು. ಊರಿನಲ್ಲಿ ಎಲ್ಲೆಲ್ಲೂ ನನ್ನ ಮಗಳ ಮದುವೆಯದೇ ಮಾತು. ಮಾರುಕಟ್ಟೆಯಲ್ಲಿ, ಪ್ರೆಸ್ಸಿನಲ್ಲಿ, ಗೋನೆಗಂಡ್ಲದ ನೆಂಟರ ಮನೆಯಲ್ಲೂ. ನೆಗೆಣ್ಣಿಯ ಮಗಳ ಮದುವೆ ಯಾರ ಬಾಯಲ್ಲೂ ಇಲ್ಲ. ನನಗೆ ಹಿಗ್ಗಾಗಬೇಕಿತ್ತು. ಆದರೆ ಕೇಳಿದವರೆಲ್ಲ ಕೇಳುವುದು ಮುದುಕಿಯ ವಿಷಯ, ರಾಶಿಯ ವಿಷಯ, ಮದುಮಗನ ಹೆಬ್ಬೆರಳಿನ ವಿಷಯ. ಹುಡುಗಿಯ ಸೀರೆ ಯಾವ ಬಣ್ಣದ್ದು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಬಂಡಿ ಹೂಡುವ ಹೊತ್ತಿಗೆ ನೆಗೆಣ್ಣಿ ಅಲ್ಲಿಗೆ ಬಂದಿದ್ದಳು. ಆಕೆಯ ಎರಡನೆಯ ಮಗಳೂ ಬೆಳೆದಿದ್ದಳು.

‘ಅವ್ವಾ, ಮುಂದಿನ ವರ್ಷ ಸುಗ್ಗಿಗೂ ಇಲ್ಲಿಗೇ ಬರ್ತೀರೇನು?’ ಎಂದು ಮುದುಕಿಯನ್ನು ಕೇಳಿದಳು.

‘ಮಳಿ ಬಂದ್ರ ಬರ್ತೀವಿ. ಬಿಸಿಲಿದ್ರ ನೆಟ್ಟಗ ಮಾರ್ಕೆಟ್ಟಿಗೆ ಹೋಗ್ತೀವಿ. ನಮಗೇನು ಹುಚ್ಚೇನು?’

ನೆಗೆಣ್ಣಿ ಮರುವರ್ಷ ಆ ಮಗಳ ಮದುವೆಯನ್ನು ಅದೇ ತಿಂಗಳಿಗೆ ಇಟ್ಟುಕೊಂಡಳು. ಪಾಸ್ಟರು ಸುಗ್ಗಿಯ ದಿನಗಳಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿಯೇ ಇಡುವುದನ್ನು ಆಗಲೇ ರೂಢಿ ಮಾಡಿದ್ದರು. ಮದುವೆಗೆ ಮುಂಚಿನ ಭಾನುವಾರ ಸಭೆಯಲ್ಲಿ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ನನ್ನ ನೆಗೆಣ್ಣಿಯ ಮಗಳ ಮದುವೆಯ ದಿನ ಒಂದು ಹನಿ ಮಳೆಯೂ ಬೀಳದಿರಲಿ, ಆಕಾಶ ಹೊಳೆಯುವಷ್ಟು ಬಿಸಿಲಿರಲಿ ಎಂದು ಪ್ರಾರ್ಥಿಸಿದೆ. ಇಂಥ ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದು ಸಭೆಯ ಹೆಂಗಸರು ಕಣ್ಣೊರೆಸಿಕೊಂಡರು. ನೆಗೆಣ್ಣಿ ಮಾತ್ರ ಮುಂದಿನ ಸಾಲಿನಿಂದ ತಿರುಗಿ ನನ್ನನ್ನೇ ನೋಡಿದಳು.

ಆ ದಿನ ಬಿಸಿಲೋ ಬಿಸಿಲು.